ಮುಷ್ಟಿಯಲ್ಲಿ ಉಳಿದ ಮಾರ್ಕಾ

ಏಲಕ್ಕಿ ಹಾಕಿದ ಬನ್ನಿನ ವಾಸನೆ ಬಂದರೆ ಇವತ್ತಿಗೂ ನನಗೆ ಕೊಲ್ಲಿ ನಾಡಿನ ಮಿರ್ದಿಫ್‌ನ ಆ ಅಡುಗೆಮನೆ ನೆನಪಾಗುತ್ತದೆ.

ಮಮ್ಮಿ ಅಲ್ಲಿ ಫಿನ್ಲೆಂಡಿನ ಒಬ್ಬ ಅಜ್ಜಿಯ ಆರೈಕೆಗೆ ಹೋಗುತ್ತಿದ್ದರು. ರಜೆಯ ಒಂದು ಮಧ್ಯಾಹ್ನ ನನ್ನನ್ನೂ ಕರೆದೊಯ್ದಿದ್ದರು. ಅಜ್ಜಿಯ ಮಗ ಫಿನ್ಲೆಂಡಿಗೆ ಹೊರಟಿದ್ದ. ಅವರ ಹಳೆಯ ದುಡ್ಡು ಮಾರ್ಕಾ ನಿಂತು ಯೂರೋ ಬಂದು ವರ್ಷಗಳಾಗಿದ್ದವು. ಉಳಿದದ್ದನ್ನು ಅಲ್ಲಿನ ಬ್ಯಾಂಕಿನಲ್ಲಿ ಬದಲಿಸುವ ಗಡುವು ಹತ್ತಿರವಾಗಿತ್ತು. ಅಜ್ಜಿ ಡಬ್ಬಿಯಿಂದ ನೋಟುಗಳನ್ನೆಲ್ಲ ತೆಗೆದುಕೊಟ್ಟರು. ಸಿಂಹದ ಚಿತ್ರವಿದ್ದ ಒಂದು ಬೆಳ್ಳಿ ನಾಣ್ಯವನ್ನು ಮಾತ್ರ ಕೊಡಲಿಲ್ಲ.

"ಇದರಲ್ಲಿ ರಾಜ ಯಾಕಿಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ನಮಗೆ ರಾಜನಿಲ್ಲ. ಮಾರ್ಕಾ ಶುರುವಾದಾಗ ನಾವು ರಷ್ಯಾದ ಚಕ್ರವರ್ತಿಯ ಕೈಕೆಳಗಿದ್ದೆವು. ನಮ್ಮದೇ ದುಡ್ಡು ಮೊದಲು ಬಂತು, ನಮ್ಮದೇ ದೇಶ ಎಷ್ಟೋ ವರ್ಷಗಳ ನಂತರ."

"ಮತ್ತೆ ಯಾಕೆ ಬಿಟ್ಟಿರಿ?"

ಅಜ್ಜಿ ನಾಣ್ಯವನ್ನು ತಿರುಗಿಸಿ ನೋಡಿದರು. "ಅಕ್ಕಪಕ್ಕದವರ ಜೊತೆ ಸೇರಿಕೊಳ್ಳೋಣ ಅಂತ."

ಮಗ ಕೈ ಚಾಚಿದ. ಅಜ್ಜಿ ಮುಷ್ಟಿ ಬಿಗಿ ಮಾಡಿ, "ಇದು ಟೀಚರಾಗಿ ನನಗೆ ಸಿಕ್ಕಿದ ಮೊದಲ ಸಂಬಳದ್ದು," ಎಂದರು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ: "ಮಮ್ಮಿ, ಫಸ್ಟ್ ಸ್ಯಾಲರಿದು ನಿಮ್ಮತ್ರ ಎಂತ ಉಂಟು?"

"ಎಂತ ಇಲ್ಲ. ಕವರ್ ಬಿಚ್ಚಲೇ ಇಲ್ಲ ಮಗಾ. ಹಾಗೇ ಎಕ್ಸ್‌ಚೇಂಜಿನವನಿಗೆ ಕೊಟ್ಟು ಊರಿಗೆ ಕಳ್ಸಿದೆ."



ಮುಂದಿನ ಸಂಬಳದ ದಿನ ಮಮ್ಮಿ ಕವರನ್ನು ಎಂದಿನಂತೆ ಎಕ್ಸ್‌ಚೇಂಜಿಗೆ ಒಯ್ಯದೆ ನೇರವಾಗಿ ಮನೆಗೆ ತಂದರು. ಕಿಟಕಿಯ ಬಳಿ ನನ್ನನ್ನು ಕೂರಿಸಿಕೊಂಡು ಅದನ್ನು ಬಿಚ್ಚಿದರು. ದಿರ್ಹಮ್ ನೋಟನ್ನು ಬೆಳಕಿಗೆ ಹಿಡಿದರೆ ಒಳಗೆ ಗಿಡುಗದ ತಲೆ ಕಾಣುತ್ತದೆಂದು ನಮ್ಮಿಬ್ಬರಿಗೂ ತಿಳಿದದ್ದು ಅಂದೇ.