ಬಾನೆಟ್ ಮುಚ್ಚಿದ ಮೇಲೆ

ತಂದೆ ಬಿಟ್ಟುಹೋದ ಹಳೆಯ ಕಾರನ್ನು ವಾಮನಮೂರ್ತಿ ಯಾರ ಕೈಗೂ ಕೊಟ್ಟವರಲ್ಲ. ಅವತ್ತು ಅದರ ಕಾರ್ಬುರೇಟರನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಹೊಸ ವಾಷರ್ ಹಾಕಿ ಮತ್ತೆ ಕೂರಿಸಿದರು. ಎಂಜಿನ್ ಶುರುವಾಯಿತು, ಆದರೆ ಕೆಮ್ಮುತ್ತಿತ್ತು. ಹೆಂಡತಿ ಸರಸಿಜಾ ಸ್ಟೀರಿಂಗ್ ಹಿಂದೆ ಕೂತಿದ್ದರು. ಗಂಡ ಹೇಳಿದಾಗ ಆಕ್ಸಿಲರೇಟರ್ ಒತ್ತುವುದಷ್ಟೇ ಅವರ ಕೆಲಸ.

“ಬೇರೇನೂ ಮುಟ್ಬೇಡ. ಈಗ ಸ್ವಲ್ಪ ಒತ್ತು,” ಎಂದು ವಾಮನಮೂರ್ತಿ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರು.

ಎಂಜಿನ್ ಒಮ್ಮೆಲೇ ಹದಕ್ಕೆ ಬಂದು ಗುನುಗತೊಡಗಿತು. ಖುಷಿ ತಡೆಯಲಾರದೆ ಅವರು ಬಾನೆಟ್ ಮುಚ್ಚಿ, ಸ್ಕ್ರೂಡ್ರೈವರ್ ಎತ್ತಿ ಹಿಡಿದು ಅಂಗಳದಲ್ಲೇ ಕುಣಿದರು.

ಕುಣಿದು ತಿರುಗಿದರೆ ಕಾರು ಗೇಟು ದಾಟಿತ್ತು.

“ಸರಸೀ, ನಿಲ್ಸೇ,” ಎನ್ನುತ್ತ ಅವರು ಪಂಚೆ ಎತ್ತಿಕಟ್ಟಿ ಓಡಿದರು. ಕಾರು ಎದುರಿನ ಪಾರ್ಕಿಗೆ ಒಂದು ಸುತ್ತು ಹಾಕಿ, ಹಾರ್ನ್ ಹೊಡೆಯುತ್ತ ಬಂದು ಅವರ ಪಕ್ಕದಲ್ಲೇ ನಯವಾಗಿ ನಿಂತಿತು. ಸರಸಿಜಾ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು.

“ಹತ್ತಿ, ಆ ಕಡೆ ಬಾಗಿಲಿಂದ.”

“ನಿನಗೆ ಡ್ರೈವಿಂಗ್ ಯಾರೇ ಕಲಿಸಿದ್ದು?” ವಾಮನಮೂರ್ತಿ ಏದುಸಿರಿನಲ್ಲೇ ಕೇಳಿದರು.

“ನಿಮ್ಮಮ್ಮ. ಇದೇ ಕಾರಲ್ಲಿ, ನೀವೂ ಮಾವನೋರೂ ಸ್ಕೂಟರ್ ಹತ್ತಿ ಆಫೀಸಿಗೆ ಹೋದ್ಮೇಲೆ.”