ಬಾಯಿ ತೆರೆಯದ ಅಡಕತ್ತರಿ

"ಅಜ್ಜಿ ತೀರಿಹೋದ ಮೇಲೆ ಈ ಅಡಕತ್ತರಿ ಬಾಯಿ ತೆರೆದೇ ಇಲ್ಲ" ಎಂದು ಯಶಸ್ವಿ ಓದಿ ಮುಗಿಸಿದಳು. ಮನೆಯ ಹಳೆಯ ವಸ್ತುವೊಂದರ ನಿಜವಾದ ಕಥೆ ಬರೆದು, ತರಗತಿಯಲ್ಲಿ ಹೆತ್ತವರೆದುರು ಓದುವ ಪ್ರಾಜೆಕ್ಟ್ ಅದು. ಟೀಚರ್ ಅಡಕತ್ತರಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಯಶಸ್ವಿಗೆ ಬಾಗಿಲು ಮಾತ್ರ ಕಾಣುತ್ತಿತ್ತು. ಅಮ್ಮನ ಬದಲು ಬಂದಿದ್ದ ಅಜ್ಜಿ ಅಲ್ಲಿ ನಿಂತಿದ್ದರು. ಬೆಳಿಗ್ಗೆ ಅವರು "ನನ್ನ ಅಡಕತ್ತರಿ ಎಲ್ಲಿ ಉಂಟು ಮಗಾ?" ಎಂದು ಇಡೀ ಮನೆ ಹುಡುಕುವಾಗ ಇವಳು "ನಾನು ನೋಡ್ಲಿಲ್ಲ" ಎಂದಿದ್ದಳು.

"ಬನ್ನಿ, ನೀವು ಯಾವ ಮಗುವಿನ ಕಡೆಯವರು?" ಟೀಚರ್ ಕೇಳಿದರು.

ಅಜ್ಜಿ ಮೊಮ್ಮಗಳ ಮುಖವನ್ನೊಮ್ಮೆ ನೋಡಿದರು. ಕೈಯಲ್ಲಿದ್ದ ಇಡೀ ಅಡಿಕೆಯನ್ನು ಮೆಲ್ಲಗೆ ಸೆರಗಿನ ತುದಿಗೆ ಕಟ್ಟಿಕೊಂಡರು.

"ನಾನು ಯಶಸ್ವಿಯ ನೆರೆಮನೆಯವಳು, ಟೀಚರೆ. ಪಾಪ, ಇವಳ ಅಜ್ಜಿ ಒಳ್ಳೆ ಜನ ಆಗಿದ್ರು."