ನೂರ ಹನ್ನೆರಡು ಮೆಟ್ಟಿಲು

"ಬಲಕ್ಕಲ್ಲ ಗೋಪಿ, ಎಡಕ್ಕೆ. ಆ ಹಳದಿ ಮನೆ ದಾಟಿದ್ಮೇಲೆ ಒಂದು ಸಂದಿ ಇದೆ ನೋಡು, ಅದರೊಳಗೆ ಹೋಗು."

"ಮ್ಯಾಪಲ್ಲಿ ಇಲ್ಲಿ ದಾರೀನೇ ಇಲ್ಲ ಕಣೇ."

"ಮ್ಯಾಪ್ ಬಿಡು. ನಾನು ಹೇಳ್ತಿದೀನಲ್ಲ."

ಯಲಹಂಕದ ಹಳೇ ಊರಿನಲ್ಲಿ, ಬಾಡಿಗೆ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ ಸಬಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಇಲ್ಲಿ ಸಂಜೆ ಐದೂವರೆ. ಫೋನಿನೊಳಗೆ, ಚಿಲಿ ದೇಶದ ವಾಲ್ಪರೈಸೊ ಎಂಬ ಊರಿನಲ್ಲಿ, ಬೆಳಿಗ್ಗೆ ಒಂಬತ್ತು. ಅವಳ ಆರ್ಕಿಟೆಕ್ಚರ್ ಕಾಲೇಜಿನ ಐದು ಜನ ಸಹಪಾಠಿಗಳು, ಅವರ ಹಿಂದೆ ಮಾಲಾ ಮೇಡಂ, ಸಮುದ್ರದ ದಂಡೆಯಿಂದ ಗುಡ್ಡ ಹತ್ತುತ್ತಿದ್ದರು. ಆ ಗುಡ್ಡದ ಮೈತುಂಬ ಮನೆಗಳು, ಮನೆಗಳ ನಡುವೆ ಎಲ್ಲೆಂದರಲ್ಲಿ ಮೆಟ್ಟಿಲುಗಳು. ಆ ಮೆಟ್ಟಿಲುಗಳ ನಕ್ಷೆಯನ್ನು ನಾಲ್ಕು ತಿಂಗಳು ಕೂತು ಬರೆದವಳು ಸಬಾ. ಉಪಗ್ರಹದ ಚಿತ್ರ, ಯಾರೋ ಪ್ರವಾಸಿಗರು ನಡೆಯುತ್ತ ತೆಗೆದ ವಿಡಿಯೋ, ನೂರು ವರ್ಷದ ಹಿಂದಿನ ಫೋಟೋ, ಸಿಕ್ಕಿದ್ದನ್ನೆಲ್ಲ ನೋಡಿ ಬರೆದಿದ್ದಳು. ಆ ನಕ್ಷೆ ನೋಡಿಯೇ ಅಲ್ಲಿಯ ವಿಶ್ವವಿದ್ಯಾಲಯ ಆರು ಜನರನ್ನು ಕರೆದಿತ್ತು. ಹೋದವರು ಐವರು.

ಸಂದಿಯೊಳಗೆ ಅವಳು ಹೇಳಿದ ಜಾಗದಲ್ಲೇ ಮೆಟ್ಟಿಲು ಸಿಕ್ಕಿತು. "ಎಣಿಸ್ಕೊಂಡು ಹತ್ತು," ಎಂದಳು. ಗೋಪಿ ಎಣಿಸುತ್ತ ಹತ್ತಿದ. ಪರದೆಯ ಮೇಲೆ ಗೋಡೆ, ಆಕಾಶ, ಅವನ ಶೂ, ಹಿಂಬಾಲಿಸಿ ಬರುತ್ತಿದ್ದ ಒಂದು ಕಂದು ನಾಯಿ ಕುಲುಕಾಡಿದವು. ಸಬಾಳ ಉಸಿರೂ ಅವನ ಜೊತೆಗೇ ಏರುತ್ತಿತ್ತು.

"ನೂರ ಹನ್ನೆರಡು," ಎಂದ ಅವನು ಏದುಸಿರು ಬಿಡುತ್ತ. "ನೀನು ಎಷ್ಟು ಬರೆದಿದ್ದೆ?"

"ಅಷ್ಟೇ." ಅವಳಿಗೆ ನಗು ತಡೆಯಲಾಗಲಿಲ್ಲ. "ಅಲ್ಲಿ ಏನು ವಾಸನೆ ಬರ್ತಿದೆ ಗೋಪಿ?"

"ವಾಸನೆನಾ? ಯಾರೋ ಮೀನು ಹುರೀತಿದಾರೆ. ಬಣ್ಣದ ವಾಸನೆ. ನಾಯಿ ಉಚ್ಚೆ."

ಅವಳು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ತಾನು ಬರೀ ಗೋಡೆ ಎಂದು ಗೆರೆ ಎಳೆದಿದ್ದ ಕಡೆ ಒಂದು ಬಾಗಿಲು ಕಂಡಿತು. ಹೊಸ್ತಿಲ ಮೇಲೆ ಒಬ್ಬಳು ಮುದುಕಿ ಬಟಾಣಿ ಬಿಡಿಸುತ್ತ ಕೂತಿದ್ದಳು.

"ನಿಲ್ಲು, ಅವರ ಹತ್ರ ಒಂದ್ನಿಮಿಷ ನಿಲ್ಲು. ಅಲ್ಲಿ ಬಾಗಿಲಿದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ಟೈಮಿಲ್ಲ ಸಬಾ. ಮೇಲೆ ಪ್ರೊಫೆಸರ್ ಕಾಯ್ತಿದಾರೆ."

ಮೇಲಿನ ಕಟ್ಟೆಯ ಮೇಲೆ ನಕ್ಷೆ ಬಿಚ್ಚಿದರು. ಬಿಳಿ ಗಡ್ಡದ ಪ್ರೊಫೆಸರ್ ಬಾಗಿ ಬಹಳ ಹೊತ್ತು ನೋಡಿದರು. ಇಲ್ಲೇ ಹುಟ್ಟಿದ ತನಗೂ ಈ ದಾರಿಗಳಲ್ಲಿ ಅರ್ಧ ಗೊತ್ತಿಲ್ಲ, ಇದನ್ನು ಬರೆದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಸಬಾ ಅರಿವಿಲ್ಲದೆ ತಲೆಯ ದುಪಟ್ಟಾ ಸರಿ ಮಾಡಿಕೊಂಡಳು.

"ಎಲ್ಲರೂ ಸೇರಿ ಬರೆದದ್ದು," ಎನ್ನುವ ಮಾಲಾ ಮೇಡಂ ದನಿ ಸ್ಪಷ್ಟವಾಗಿ ಕೇಳಿಸಿತು. "ನಿಮ್ಮ ಮುಂದೆ ಇದ್ದಾರಲ್ಲ, ಈ ಐದು ಜನ."

"ಗೋಪಿ," ಎಂದಳು ಸಬಾ.

ಪರದೆಯ ಮೇಲೆ ಗೋಪಿಯ ಮುಖ ಬಂತು. ಅವನು ಅವಳನ್ನು ನೋಡುತ್ತಿರಲಿಲ್ಲ. "ಇಲ್ಲಿ ಸಿಗ್ನಲ್ ಸರಿ ಇಲ್ಲ ಸಬಾ. ಆಮೇಲೆ ಮಾಡ್ತೀನಿ." ಅವನ ಬೆನ್ನ ಹಿಂದೆ ಹಾರುತ್ತಿದ್ದ ಕಡಲಹಕ್ಕಿಯ ಒಂದೊಂದು ಗರಿಯೂ ಎಣಿಸುವಷ್ಟು ನಿಚ್ಚಳವಾಗಿತ್ತು. ಪರದೆ ಕಪ್ಪಾಯಿತು.

ಅರ್ಧ ಗಂಟೆ ಕಾದಳು. ಕರೆ ಬರಲಿಲ್ಲ, ಕಾಲೇಜಿನ ಗ್ರೂಪಿಗೆ ಒಂದು ಫೋಟೋ ಬಂತು. ಐದೂ ಜನ ಅವಳ ನಕ್ಷೆಯನ್ನು ಎದೆಯೆತ್ತರಕ್ಕೆ ಹಿಡಿದು ನಗುತ್ತಿದ್ದರು. ಗೋಡೆ ಎಂದು ಎಳೆದ ಗೆರೆಯನ್ನು ಅಳಿಸಿ ಅಲ್ಲೊಂದು ಬಾಗಿಲು ಬರೆಯಬೇಕು ಎನಿಸಿತು. ಯಾರ ನಕ್ಷೆಯಲ್ಲಿ ಎಂದು ತಿಳಿಯಲಿಲ್ಲ. ತಾರಸಿಯಲ್ಲಿ ಎದ್ದು ನಿಲ್ಲುವುದಕ್ಕೂ ಒಂದು ಕಾರಣ ಬೇಕು ಎನ್ನುವ ಹಾಗೆ ಅಲ್ಲೇ ಕೂತಿದ್ದಳು.

ಮನೆ ಮಾಲೀಕ ಮುನಿವೆಂಕಟಯ್ಯ ಟ್ಯಾಂಕಿನ ನೀರು ನೋಡಲು ಮೆಟ್ಟಿಲು ಹತ್ತಿ ಬಂದರು. ಒಳ್ಳೆಯ ಮನುಷ್ಯ; ಹಬ್ಬಕ್ಕೆ ಒಬ್ಬಟ್ಟು ಕಳಿಸುವವರು. ಸಬಾಳ ಆಧಾರ್‌ನಲ್ಲಿದ್ದದ್ದು ಹೆಬ್ಬಾಳದ ಹಳೇ ಮನೆಯ ವಿಳಾಸ. ಆ ಮನೆ ರಸ್ತೆ ಅಗಲ ಮಾಡುವಾಗ ಹೋಗಿತ್ತು. ಪಾಸ್‌ಪೋರ್ಟ್ ವಿಚಾರಣೆಗೆ ಹೋದ ಪೊಲೀಸಿನವನಿಗೆ ಅಲ್ಲಿ ಸಿಕ್ಕಿದ್ದು ಒಂದು ಕಾಂಕ್ರೀಟ್ ಕಂಬ. ವಿಳಾಸ ಬದಲಿಸಲು ಈ ಮನೆಯ ಬಾಡಿಗೆ ಕರಾರು ಬೇಕಿತ್ತು; ಬರೆದುಕೊಡಿ ಎಂದು ಅವಳ ಅಬ್ಬಾ ಮೂರು ಸಲ ಕೆಳಗೆ ಹೋಗಿ ಕೇಳಿದ್ದರು. "ನಮ್ ನಿಮ್ಮೊಳಗೆ ಕಾಗದ ಯಾಕೆ ತಾಜುದ್ದೀನ್, ಮಾತು ಸಾಲ್ದಾ?" ಎಂದು ಮೂರು ಸಲವೂ ಮುನಿವೆಂಕಟಯ್ಯ ಕಾಫಿ ಕುಡಿಸಿ ಕಳಿಸಿದ್ದರು. ಅದು ಯಾವ ಕೆಲಸಕ್ಕೆ ಬೇಕಾಗಿದೆ ಎಂದು ಒಮ್ಮೆಯೂ ವಿಚಾರಿಸಲಿಲ್ಲ. ಪಾಸ್‌ಪೋರ್ಟ್ ಬರಲಿಲ್ಲ.

ಅವರು ಟ್ಯಾಂಕಿನೊಳಗೆ ಕೈ ಇಳಿಬಿಟ್ಟು ನೀರಿನ ಮಟ್ಟ ನೋಡಿದರು. ಮುಚ್ಚಳ ಮುಚ್ಚಿ, ಅವಳ ಫೋನಿನಲ್ಲಿದ್ದ ಫೋಟೋದತ್ತ ಬಗ್ಗಿದರು.

"ಇದ್ಯಾವೂರಮ್ಮಣ್ಣಿ, ಇಂಗೆ ಗುಡ್ಡದ ತುಂಬ ಬಣ್ಣಬಣ್ಣದ ಮನೆ?"

"ಹೊರದೇಶ ತಾತ. ನಮ್ಮ ಕಾಲೇಜಿನವರು ಹೋಗಿದಾರೆ."

"ಮತ್ತೆ ನೀನ್ಯಾಕೆ ಓಗ್ಲಿಲ್ಲ?"

ಸಬಾ ಅವರ ಮುಖವನ್ನೇ ನೋಡಿದಳು. ಅಲ್ಲಿ ಅಕ್ಕರೆಯಲ್ಲದೆ ಬೇರೇನೂ ಇರಲಿಲ್ಲ.

"ಕಾಗದ ಸರಿ ಇರ್ಲಿಲ್ಲ, ತಾತ."

ಮುನಿವೆಂಕಟಯ್ಯ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಅವಳ ತಲೆಯ ಮೇಲಿಟ್ಟರು. "ಅದನ್ನೆಲ್ಲ ಮೊದ್ಲೇ ಸರಿ ಮಾಡಿಟ್ಕಾಬೇಕು ಕಣವ್ವ," ಎಂದರು. "ಓದಿದೋರು ನೀವು, ನಿಮ್ಗೆ ನಾನು ಏಳ್ಬೇಕಾ?"